ಕಿರಣ ಪ್ರಖರವಾದರೆ ಸಾಲದೇ? ಬೀಮ್‌ಲೈನ್ ನವೀಕರಣದ ಬಗ್ಗೆ ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಸಿಂಕ್ರೊಟ್ರಾನ್ ವಿಕಿರಣ (ದೊಡ್ಡ ವರ್ತುಲದಲ್ಲಿ ಸುತ್ತುವ ಎಲೆಕ್ಟ್ರಾನ್‌ಗಳು ಹೊಮ್ಮಿಸುವ ಪ್ರಖರ ಕಿರಣ) ಬಳಸಿ ಸಂಶೋಧನೆ ಮಾಡುವವನು ಎಂದು ಗೊತ್ತಾದ ಕೂಡಲೇ ಬಹಳ ಮಂದಿ ನನ್ನನ್ನು ಕೇಳುವ ಪ್ರಶ್ನೆ ಇದು: "ಅಷ್ಟು ದೊಡ್ಡ ಯಂತ್ರ ಓಡುತ್ತಿದೆ, ಎಕ್ಸ್-ಕಿರಣವೂ ಬರುತ್ತಿದೆ, ಬೀಮ್‌ಲೈನ್ ನವೀಕರಣಕ್ಕೆಂದು ಮತ್ತೆ ಹಣವೇಕೆ? ಕಿರಣದ ಪ್ರಖರತೆ ಹೆಚ್ಚಿಸಿದರೆ ಸಾಲದೇ?" ಸಾಲದು ಎಂಬುದೇ ನನ್ನ ಉತ್ತರ. ಬೀಮ್‌ಲೈನ್ ಎಂದರೆ ಆ ಕಿರಣವನ್ನು ವರ್ತುಲದಿಂದ ಹೊರತಂದು, ಪರೀಕ್ಷಿಸಬೇಕಾದ ವಸ್ತುವಿನ, ಅಂದರೆ ಮಾದರಿಯ, ಮೇಲೆ ಬೀಳಿಸಿ ಅಳೆಯುವ ಉಪಕರಣಗಳ ಸಾಲು. ಪ್ರಖರತೆ ಹೆಚ್ಚಿದರೆ ಈಗಾಗಲೇ ಬರುತ್ತಿರುವವರ ಕೆಲಸ ಚುರುಕಾಗುತ್ತದೆ. ಇದುವರೆಗೆ ಬಾರದಿದ್ದ ವಿಜ್ಞಾನಿಗಳು ಬರಬೇಕಾದರೆ ಮಾದರಿಯನ್ನು ಇಡುವ, ಬೀಮ್‌ಲೈನ್‌ನ ಕೊನೆಯ ಕೆಲವು ಮೀಟರ್‌ಗಳು ಬದಲಾಗಬೇಕು.

ನಮ್ಮ ದೇಶದ್ದೇ ಉದಾಹರಣೆ ತೆಗೆದುಕೊಳ್ಳೋಣ. ಇಂದೋರಿನಲ್ಲಿ, ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ರಾಜಾ ರಾಮಣ್ಣನವರ ಹೆಸರು ಹೊತ್ತ ಕೇಂದ್ರದಲ್ಲಿ, ಇಂಡಸ್-2 ಎಂಬ ಸಿಂಕ್ರೊಟ್ರಾನ್ ಇದೆ. ಅದರ 172.5 ಮೀಟರ್ ಸುತ್ತಳತೆಯ ವರ್ತುಲದಲ್ಲಿ 2.5 ಗಿಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಲೆಕ್ಟ್ರಾನ್‌ಗಳು ಸುತ್ತುತ್ತವೆ. ಕಾಂತಗಳು ಅವುಗಳ ದಾರಿಯನ್ನು ಬಾಗಿಸುವಲ್ಲಿ ಎಕ್ಸ್-ಕಿರಣ ಹೊಮ್ಮುತ್ತದೆ. ಅಲ್ಲಿನ ಬಿಎಲ್-8 ಮತ್ತು ಬಿಎಲ್-9 ಬೀಮ್‌ಲೈನ್‌ಗಳಲ್ಲಿ ನಡೆಯುವುದು ಹೀರಿಕೆಯ ಅಧ್ಯಯನ. ಪ್ರತಿ ಮೂಲವಸ್ತುವೂ ತನ್ನದೇ ಆದ ಶಕ್ತಿಯಲ್ಲಿ ಎಕ್ಸ್-ಕಿರಣವನ್ನು ಥಟ್ಟನೆ ಹೆಚ್ಚಾಗಿ ಹೀರುತ್ತದೆ: ಕಬ್ಬಿಣ 7,112 ಎಲೆಕ್ಟ್ರಾನ್ ವೋಲ್ಟ್‌ನಲ್ಲಿ, ಆರ್ಸೆನಿಕ್ 11,867ರಲ್ಲಿ. ಹೀರಿಕೆ ಥಟ್ಟನೆ ಏರುವ ಆ ಅಂಚಿನ ಆಚೆಗೆ ಕಾಣುವ ಸಣ್ಣ ಏರಿಳಿತಗಳಿಂದ, ಆ ಪರಮಾಣುವಿನ ಸುತ್ತ ಯಾವ ಪರಮಾಣುಗಳು ಎಷ್ಟು ದೂರದಲ್ಲಿವೆ ಎಂದು ಲೆಕ್ಕ ಹಾಕಬಹುದು.

ಸರಳ ವಿಧಾನದಲ್ಲಿ ಮಾದರಿಯ ಮುಂದೊಂದು, ಹಿಂದೊಂದು ಅಯಾನ್ ಚೇಂಬರ್ (ಹಾದುಹೋಗುವ ಕಿರಣದ ಪ್ರಮಾಣ ಅಳೆಯುವ, ಅನಿಲ ತುಂಬಿದ ಪೆಟ್ಟಿಗೆ) ಇಟ್ಟು ಎಷ್ಟು ಕಿರಣ ಹೀರಲ್ಪಟ್ಟಿತು ಎಂದು ಅಳೆಯುತ್ತಾರೆ. ಮಿಶ್ರಲೋಹಕ್ಕೋ ಆಕ್ಸೈಡ್ ಪುಡಿಗೋ ಇಷ್ಟೇ ಸಾಕು. ಆದರೆ ಗದ್ದೆಯ ಮಣ್ಣಿನಲ್ಲಿ ಹತ್ತು ಲಕ್ಷ ಭಾಗಕ್ಕೆ ಕೆಲವೇ ಭಾಗದಷ್ಟಿರುವ ಆರ್ಸೆನಿಕ್ ಹೀರುವ ಪಾಲು, ಮಣ್ಣಿನ ಉಳಿದೆಲ್ಲವೂ ಹೀರುವುದರ ನಡುವೆ ಕಾಣದೇ ಹೋಗುತ್ತದೆ. ಆಗ ಕಿರಣ ಹೀರಿದ ಆರ್ಸೆನಿಕ್ ಮರಳಿ ಹೊರಸೂಸುವ ತನ್ನದೇ ಎಕ್ಸ್-ಕಿರಣವನ್ನು, ಅಂದರೆ ಪ್ರತಿದೀಪ್ತಿಯನ್ನಷ್ಟೇ ಬೇರ್ಪಡಿಸಿ ಎಣಿಸಬಲ್ಲ ಡಿಟೆಕ್ಟರ್ ಬೇಕು. ಅದನ್ನು ಕಿರಣಕ್ಕೆ ಲಂಬವಾಗಿ, ವರ್ತುಲದ ಸಮತಲದಲ್ಲೇ ಇಟ್ಟರೆ ಚದುರಿದ ಕಿರಣದ ಕಾಟವೂ ಕಡಿಮೆ. ಈ ಒಂದು ಉಪಕರಣ ಬಂದರೆ ಭೌತವಿಜ್ಞಾನಿಗಳ ಬೀಮ್‌ಲೈನ್ ಮಣ್ಣು, ಬೆಳೆ, ಅಂತರ್ಜಲದ ಸಂಶೋಧಕರಿಗೂ ತೆರೆದುಕೊಳ್ಳುತ್ತದೆ.

ಬಿಎಲ್-8ರ ಅನುಕೂಲ ಬೇರೆಯದು. ಅಲ್ಲಿ ಬಾಗಿಸಿದ ಸ್ಫಟಿಕವೊಂದು ಬೇರೆ ಬೇರೆ ಶಕ್ತಿಯ ಕಿರಣಗಳನ್ನು ಬೇರೆ ಬೇರೆ ಕೋನಗಳಿಗೆ ಹರಡುವುದರಿಂದ, ಶಕ್ತಿಯನ್ನು ಹಂತಹಂತವಾಗಿ ಬದಲಿಸದೆಯೇ ಇಡೀ ರೋಹಿತ (ಯಾವ ಶಕ್ತಿಯಲ್ಲಿ ಎಷ್ಟು ಹೀರಿಕೆ ಎಂಬ ಚಿತ್ರ) ಒಮ್ಮೆಗೇ ದಾಖಲಾಗುತ್ತದೆ. ದ್ರಾವಣದಲ್ಲಿ ಚಿನ್ನದ ನ್ಯಾನೊಕಣಗಳು ರೂಪುಗೊಳ್ಳುವುದನ್ನು ಭಾಭಾ ಪರಮಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು, ಕ್ರಿಯೆ ನಡೆಯುತ್ತಿರುವಾಗಲೇ, ಇಲ್ಲಿ ಅಧ್ಯಯನ ಮಾಡಿದ್ದಾರೆ. ಕಿರಣ ಅದೇ ಆಗಿದ್ದರೂ ಅದರ ದಾರಿಯಲ್ಲಿ ಒಂದು ಕ್ರಿಯಾಕೋಶ ಇಟ್ಟದ್ದರಿಂದ ರಸಾಯನವಿಜ್ಞಾನದ ಬೇರೊಂದು ಪ್ರಶ್ನೆಯನ್ನೇ ಕೇಳಲು ಸಾಧ್ಯವಾಯಿತು.

ಕಿರಣದ ಮೂಲವಾದ ವರ್ತುಲವನ್ನು ಉತ್ತಮಪಡಿಸಿದರೆ ಬೀಮ್‌ಲೈನ್ ತಾನಾಗಿ ಉತ್ತಮವಾಗುತ್ತದೆ ಎನ್ನುವವರಿಗೆ ಫ್ರಾನ್ಸಿನ ಗ್ರೆನೋಬಲ್‌ನಲ್ಲಿರುವ ಯುರೋಪಿನ ಸಿಂಕ್ರೊಟ್ರಾನ್ ಕೇಂದ್ರ ಇಎಸ್ಆರ್ಎಫ್ ಕಥೆ ಹೇಳುತ್ತೇನೆ. 844 ಮೀಟರ್ ಸುತ್ತಳತೆಯ ಆ ವರ್ತುಲವನ್ನು 2018ರ ಡಿಸೆಂಬರ್‌ನಲ್ಲಿ ನಿಲ್ಲಿಸಿ, ಒಳಗಿನ ಕಾಂತಗಳನ್ನೆಲ್ಲ ಹೊಸ ವಿನ್ಯಾಸಕ್ಕೆ ಬದಲಿಸಿ, 2020ರ ಆಗಸ್ಟ್‌ನಲ್ಲಿ ಮತ್ತೆ ಸಂಶೋಧಕರಿಗೆ ತೆರೆದರು. ಪ್ರಖರತೆ ಅಗಾಧವಾಗಿ ಏರಿತು. ಆದರೆ ಹೊಸ ಬಾಗುಕಾಂತಗಳ ಕ್ಷೇತ್ರ ಹಳೆಯವಕ್ಕಿಂತ ದುರ್ಬಲವಾದ್ದರಿಂದ, ಅವುಗಳನ್ನೇ ನಂಬಿದ್ದ ಬೀಮ್‌ಲೈನ್‌ಗಳಿಗೆ ಪ್ರತ್ಯೇಕವಾಗಿ ಪ್ರಬಲವಾದ ಗಿಡ್ಡ ಕಾಂತಗಳನ್ನು ಅಳವಡಿಸಬೇಕಾಯಿತು. ಇಲ್ಲದಿದ್ದರೆ ಯಂತ್ರದ ಉನ್ನತೀಕರಣವೇ ಅವುಗಳ ಹೆಚ್ಚಿನ ಶಕ್ತಿಯ ಕಿರಣವನ್ನು ಕಸಿದುಕೊಳ್ಳುತ್ತಿತ್ತು. ನಂತರ ಅಲ್ಲಿ ಬಂದ ಬಿಎಂ18 ಬೀಮ್‌ಲೈನ್, ಮಾನವನ ಇಡೀ ಅಂಗವನ್ನು ಕತ್ತರಿಸದೆಯೇ ಮೂರು ಆಯಾಮದಲ್ಲಿ ಚಿತ್ರಿಸುತ್ತದೆ. ಇದಕ್ಕೆ ಹೊಸ ಮೂಲದಷ್ಟೇ ಮುಖ್ಯವಾದದ್ದು, ಕಿರಣ ಅಗಲವಾಗಿ ಹರಡಲು ಬಿಟ್ಟ ಸುಮಾರು 220 ಮೀಟರ್ ಉದ್ದ.

ಎಲ್ಲರಿಗೂ ಎಲ್ಲವನ್ನೂ ಒಂದೇ ಬೀಮ್‌ಲೈನ್‌ನಲ್ಲಿ ಒದಗಿಸುವ ಆಸೆಗೆ ಬೆಲೆಯೂ ಇದೆ. ಮಾದರಿಯನ್ನು ತೀರಾ ತಣ್ಣಗಿಡುವ ಕ್ರಯೋಸ್ಟಾಟ್ ತೆಗೆದು, ಅನಿಲದ ನಡುವೆ ಮಾದರಿಯನ್ನು ಇಡುವ ಅನಿಲಕೋಶ ಕೂರಿಸಿದಾಗಲೆಲ್ಲ ಜೋಡಣೆಯನ್ನು ಮತ್ತೆ ಸರಿಪಡಿಸಬೇಕು. ಹೈಡ್ರೋಜನ್ ಬಳಸುವುದಾದರೆ ಸೋರಿಕೆ ಪತ್ತೆ, ನಿಷ್ಕಾಸ, ಸುರಕ್ಷತಾ ಅನುಮತಿ ಎಲ್ಲವೂ ಬೇಕು. ಈ ಹೊತ್ತೆಲ್ಲ ಅಳತೆಯ ಹೊತ್ತಿನಿಂದಲೇ ಕಳೆದುಹೋಗುತ್ತದೆ. ಆದ್ದರಿಂದ, ಹಣ ಸೀಮಿತವಾಗಿದ್ದರೆ ನಾನು ಮೊದಲು ಪ್ರತಿದೀಪ್ತಿಯ ಡಿಟೆಕ್ಟರ್ ಕೊಳ್ಳುತ್ತೇನೆ, ಆಮೇಲೆ ಒಂದೇ ಕಡೆ ಕರಾರುವಾಕ್ಕಾಗಿ ಕೂರುವ ಮಾದರಿ ಪೀಠಗಳನ್ನು ಮಾಡಿಸುತ್ತೇನೆ, ಮೊದಲ ಬಾರಿಗೆ ಬರುವ ಮಣ್ಣುವಿಜ್ಞಾನಿಯ ಪಕ್ಕದಲ್ಲಿ ಕುಳಿತು ದತ್ತಾಂಶ ವಿಶ್ಲೇಷಣೆ ಹೇಳಿಕೊಡಬಲ್ಲ ಇನ್ನೊಬ್ಬ ವಿಜ್ಞಾನಿಯ ಹುದ್ದೆಯನ್ನು ಕೇಳುತ್ತೇನೆ. ಕಿರಣವನ್ನು ಮಾದರಿಯ ಮೇಲೆ ಕೇಂದ್ರೀಕರಿಸುವ ಕನ್ನಡಿಗಳನ್ನು ಬದಲಿಸುವ ಮಾತು ಅದರ ನಂತರ.