ಫಾರಂ ಆಮೇಲೆ, ಮೊದಲು ಹುಟ್ಟಿದ ತಾರೀಖು ಹೇಳಿ

ಸಿಂಧನೂರಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಪಹಣಿ, ಸ್ಕಾಲರ್‌ಶಿಪ್, ಬೆಳೆ ವಿಮೆ, ಎಲ್ಲ ಆನ್‌ಲೈನ್ ಕೆಲಸವೂ ಆಗುತ್ತದೆ. 2024ರ ಮಾರ್ಚ್‌ನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ (ಸಿಎಎ) ನಿಯಮಗಳು ಬಂದ ಮೇಲೆ ಇಲ್ಲಿನ ನಿರಾಶ್ರಿತರ ಆರ್.ಎಚ್. ಕ್ಯಾಂಪಿನವರು ಪೌರತ್ವದ ಅರ್ಜಿ ಹಾಕಿಕೊಡಿ ಅಂತ ಬರತೊಡಗಿದರು. ಪೂರ್ವ ಪಾಕಿಸ್ತಾನ, ಅಂದರೆ ಈಗಿನ ಬಾಂಗ್ಲಾದೇಶದಿಂದ ಬಂದ ಬಂಗಾಲಿಗಳು. ಇಲ್ಲೇ ಭತ್ತ ನಾಟಿ ಮಾಡಿಕೊಂಡು, ನಮ್ಮಂಗೇ ಮಾತಾಡಿಕೊಂಡು ಇದ್ದಾರೆ.

ಎಲ್ಲರ ಮೊದಲ ಪ್ರಶ್ನೆ ಒಂದೇ. "ಅಕ್ಕಾರ, ಆಧಾರ್ ಐತಿ, ರೇಷನ್ ಕಾರ್ಡ್ ಐತಿ. ಮತ್ತ್ಯಾಕ್ರಿ ಅರ್ಜಿ?" ಆಧಾರ್ ಇದ್ದ ಮಾತ್ರಕ್ಕೆ ಪೌರರು ಅಂತ ಅಲ್ಲ. ಅದನ್ನು ಆಧಾರ್ ಕಾಯ್ದೆಯೇ ಹೇಳುತ್ತದೆ.

ನಾನು ಮೊದಲು ಕೇಳುವುದು ಹುಟ್ಟಿದ ತಾರೀಖು. 1987ರ ಜುಲೈ 1ಕ್ಕಿಂತ ಮೊದಲು ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು, ಅಪ್ಪ ಅಮ್ಮ ಯಾವ ದೇಶದವರಾದರೂ ಸರಿ. ಆಮೇಲೆ ಹುಟ್ಟಿದವರಿಗೆ ಅಪ್ಪ ಅಮ್ಮನಲ್ಲಿ ಒಬ್ಬರಾದರೂ ಆಗ ಭಾರತೀಯರಾಗಿರಬೇಕು. 2004ರ ಡಿಸೆಂಬರ್ 3ರಿಂದ ಇನ್ನೂ ಬಿಗಿ: ಒಬ್ಬರು ಪೌರರಾಗಿದ್ದರೆ ಸಾಲದು, ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಹಾಗಾಗಿ ಅಪ್ಪ ಅಮ್ಮ ಇಬ್ಬರೂ ಪೌರರಾಗಿರದ ಒಂದೇ ಮನೆಯಲ್ಲಿ 1984ರಲ್ಲಿ ಹುಟ್ಟಿದ ಅಣ್ಣ ಪೌರ, 1991ರಲ್ಲಿ ಹುಟ್ಟಿದ ತಂಗಿ ಅಲ್ಲ. ಹೀಗೆ ಹೇಳಿದಾಗ ಒಬ್ಬ ಅಣ್ಣ ನನ್ನ ಮೇಲೇ ಸಿಟ್ಟಾದ. "ಇಬ್ಬರೂ ಒಂದೇ ಆಸ್ಪತ್ರ್ಯಾಗ ಹುಟ್ಟೇವ್ರಿ!" ಅವನ ಸಿಟ್ಟು ನ್ಯಾಯವೇ. ಆದರೆ ತಾರೀಖು ಬರೆದದ್ದು ನಾನಲ್ಲವಲ್ಲ.

ಇನ್ನು ಫಾರಂ. ಎಲ್ಲರೂ 8ಎ ಕೇಳುತ್ತಾರೆ, ಅದು ನ್ಯಾಚುರಲೈಸೇಶನ್‌ಗೆ, ಅಂದರೆ ಹೊರಗಿಂದ ಬಂದವರು ಇಲ್ಲಿ ವರ್ಷಗಟ್ಟಲೆ ಇದ್ದು ಪೌರರಾಗುವುದಕ್ಕೆ. ಆದರೆ ತಾವೋ, ಅಪ್ಪ ಅಥವಾ ಅಮ್ಮನೋ ದೇಶ ಒಡೆಯುವ ಮೊದಲು, ಈಗ ಬಾಂಗ್ಲಾದೇಶದಲ್ಲಿರುವ ಖುಲ್ನಾದಲ್ಲೋ ಬರಿಸಾಲದಲ್ಲೋ ಹುಟ್ಟಿದ್ದರೆ ಅವರು ಭಾರತೀಯ ಮೂಲದವರು. ಅವರಿಗೆ 2ಎ. ಇಲ್ಲಿ 7 ವರ್ಷ ವಾಸ ಇರಬೇಕು. ಕ್ಯಾಂಪಿನ ಹಿರಿಯರಲ್ಲಿ ಜಾಸ್ತಿ ಜನ ಇದಕ್ಕೇ ಬರುತ್ತಾರೆ. ಅಪ್ಪ ಅಮ್ಮ ಇಬ್ಬರೂ ದೇಶ ಒಡೆದ ಮೇಲೆ ಹುಟ್ಟಿದ್ದರೆ, ಆ ತಂಗಿಯಂಥವರು ಇಬ್ಬರಿಗೂ ಪೌರತ್ವ ಸಿಗುವವರೆಗೆ ಕಾಯಬೇಕು, ಆಮೇಲೆ 5ಎ.

ಸಿಎಎ ಎಲ್ಲರಿಗೂ ಅಲ್ಲ. ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದಿಂದ 2014ರ ಡಿಸೆಂಬರ್ 31ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರಿಗೆ ಮಾತ್ರ. ಮುಸ್ಲಿಮರಿಗೆ ಇಲ್ಲ. ಶ್ರೀಲಂಕಾದಿಂದ ಬಂದ ತಮಿಳರಿಗೂ ಇಲ್ಲ. ಇದು ನನಗೆ ಸರಿ ಕಾಣುವುದಿಲ್ಲ, ಆದರೆ ಕೌಂಟರಿನಲ್ಲಿ ಕೂತು ವಾದ ಮಾಡಿ ಏನು ಬಂತು? 2025ರ ಸೆಪ್ಟೆಂಬರ್‌ನಲ್ಲಿ "2024ರ ತನಕ ಬಂದವರಿಗೂ ಸಿಗುತ್ತೆ" ಅಂತ ವಾಟ್ಸಾಪ್‌ನಲ್ಲಿ ಓಡಾಡಿತು. ಆ ಆದೇಶ ಕಾಗದವಿಲ್ಲದೆ ಬಂದದ್ದಕ್ಕೆ ಕೇಸ್ ಹಾಕುವುದಿಲ್ಲ ಅಂತಷ್ಟೇ. ಪೌರತ್ವ ಬೇರೆ.

ನಿಜವಾದ ತಲೆನೋವು ಬಿಟ್ಟು ಬಂದ ದೇಶದ ಕಾಗದ. ಜೀವ ಉಳಿಸಿಕೊಂಡು ಓಡಿ ಬಂದವರು ಜನನ ಪತ್ರ ಎಲ್ಲಿಂದ ತರಬೇಕು? 2024ರ ಜುಲೈನಲ್ಲಿ ಕೇಂದ್ರ ಸ್ವಲ್ಪ ಸಡಿಲ ಮಾಡಿತು. ಅಪ್ಪ, ಅಜ್ಜ, ಮುತ್ತಜ್ಜ ಆ ದೇಶದವರು ಅಂತ ಇಲ್ಲಿನ ಸರ್ಕಾರದ ಜಮೀನು ಕಾಗದದಲ್ಲೋ ಕೋರ್ಟ್ ಆದೇಶದಲ್ಲೋ ಇದ್ದರೂ ಆಗುತ್ತದೆ. ಅಂಥ ಕಾಗದಗಳು ಟ್ರಂಕಿನ ತಳದಲ್ಲಿರುತ್ತವೆ. ಮಡಿಕೆಯಲ್ಲೇ ಹರಿದಿರುತ್ತವೆ, ಟೇಪ್ ಹಳದಿಯಾಗಿರುತ್ತದೆ. ದಯವಿಟ್ಟು ಲ್ಯಾಮಿನೇಶನ್ ಮಾಡಿಸಬೇಡಿ, ಸ್ಕ್ಯಾನ್ ಮಾಡಿದರೆ ಬರೀ ಬೆಳಕೇ ಹೊಳೆಯುತ್ತದೆ. ಹಾಗೇ ತನ್ನಿ. ಹಿಂದೆ ಕಪ್ಪು ಹಾಳೆ ಇಟ್ಟರೆ ಹಿಂಬದಿಯ ಅಕ್ಷರ ಮೂಡದೆ ಚೆನ್ನಾಗಿ ಬರುತ್ತದೆ. ಹೆಸರು ಒಂದರಲ್ಲಿ ಮಂಡಲ, ಇನ್ನೊಂದರಲ್ಲಿ ಮೊಂಡೋಲ್ ಇದ್ದರೆ ಅಪ್‌ಲೋಡ್ ಮಾಡುವ ಮೊದಲೇ ಹೇಳಿ.

ಭಾಷೆಯ ಚಿಂತೆ ಬೇಡ. ಸಂವಿಧಾನದ 8ನೇ ಅನುಸೂಚಿಯ ಒಂದು ಭಾಷೆ ಬಂದರೆ ಸಾಕು. ಬಂಗಾಲಿಯೂ ಇದೆ, ಕನ್ನಡವೂ ಇದೆ.

ಅರ್ಜಿ ಹಾಕಿದ ಮೇಲೆ ಕರೆಯುವುದು ಡಿಸಿ ಆಫೀಸಿನವರಲ್ಲ. ಜಿಲ್ಲಾ ಸಮಿತಿಗೆ ಅಂಚೆ ಇಲಾಖೆಯ ಸೂಪರಿಂಟೆಂಡೆಂಟ್ ಅಧ್ಯಕ್ಷರು. "ಪೋಸ್ಟಿನವರಾ?" ಅಂತ ಜನ ನಗುತ್ತಾರೆ. ಅಲ್ಲಿ ಅಸಲಿ ಕಾಗದ ತೋರಿಸಿ, ನಿಷ್ಠೆಯ ಪ್ರಮಾಣ ಮಾಡಿ ಸಹಿ ಹಾಕಬೇಕು. ಅವಕಾಶ ಕೊಟ್ಟರೂ ಹೋಗದಿದ್ದರೆ ಅರ್ಜಿ ತಿರಸ್ಕಾರವಾಗಬಹುದು. ಕರೆ ಬರುವುದು ಮೊಬೈಲಿಗೆ. ಅದಕ್ಕೇ ಹೇಳ್ತೀನಿ, ಆಫರ್ ಇದೆ ಅಂತ ಸುಮ್ನೆ ಸಿಮ್ ಬದಲಿಸಬೇಡಿ. ಬದಲಿಸಲೇಬೇಕಾದರೆ ಮೊದಲು ಅಂಗಡಿಗೆ ಬಂದು ಹೋಗಿ.