ಬಾಸರ್ಮಾನನ ಆಸಾಮಿಗಳು

ಜರ್ಮನಿಯ ಮಾನ್‌ಹೈಮ್‌ನ ಹಳೇ ಪೇಟೆಯಲ್ಲಿ ಬೀದಿಗಳಿಗೆ ಹೆಸರಿಲ್ಲ. ಊರನ್ನು ಚದುರಂಗದ ಮಣೆ ಹಾಗೆ ಚೌಕ ಚೌಕ ಮಾಡಿ, ಒಂದೊಂದಕ್ಕೂ ಒಂದು ಅಕ್ಷರ, ಒಂದು ಅಂಕಿ ಕೊಟ್ಟಿದ್ದಾರೆ. ನಾನು ಬಂದ ಹೊಸದರಲ್ಲಿ ಅಮ್ಮ ಫೋನಿನಲ್ಲಿ ವಿಳಾಸ ಕೇಳಿದ್ದಕ್ಕೆ "ಎಚ್ 4" ಅಂದೆ. "ಅದು ಬಸ್ ನಂಬರಲ್ವೇನೋ, ಮನೆ ಎಲ್ಲಿದೆ ಹೇಳು" ಅಂದರು.

ಕೆಳಗಿನ ಮನೆಯಲ್ಲಿರುವ ಮಾಲೀಕರಾದ ಅಜ್ಜಿಗೆ ಎಂಬತ್ತರ ಹತ್ತಿರ ವಯಸ್ಸು. ಒಂದು ಸಂಜೆ ನಾನು ರೈಲ್ವೆ ಸ್ಟೇಷನ್ ಕಡೆ ಹೊರಟಾಗ ತಡೆದು, ಅಲ್ಲಿ ಕತ್ತಲಾದ ಮೇಲೆ "ಬಾಸರ್ಮಾನ್‌ಶೆ ಗೆಶ್ಟಾಲ್ಟೆನ್" ಇರುತ್ತವೆ, ಹುಷಾರು ಅಂದರು. ಗೆಶ್ಟಾಲ್ಟೆನ್ ಅಂದರೆ ಆಕೃತಿಗಳು ಅಂತ ಭಾಷಾ ತರಗತಿಯಲ್ಲಿ ಕಲಿತಿದ್ದೆ. ಅಜ್ಜಿ ದೆವ್ವದ ವಿಷಯ ಹೇಳುತ್ತಿದ್ದಾರೆ ಅಂದುಕೊಂಡೆ! ಅವರು ಹೇಳಿದ್ದು ಅಡ್ಡಾದಿಡ್ಡಿ ಆಸಾಮಿಗಳ ಬಗ್ಗೆ. ಈಗಿನ ಹುಡುಗರು ಆ ಮಾತು ಬಳಸುವುದಿಲ್ಲವಂತೆ. ಬಾಸರ್ಮಾನ್ ಯಾರು ಅಂತ ಕೇಳಿದರೆ ಅಜ್ಜಿಗೂ ಗೊತ್ತಿಲ್ಲ.

ನಾನು ಶನಿವಾರ ಬದನೆಕಾಯಿ, ಕೊತ್ತಂಬರಿ ಸೊಪ್ಪು ತರುವುದು ಮಾರ್ಕೆಟ್ ಚೌಕದ ಸುತ್ತಲಿನ ತುರ್ಕರ ಅಂಗಡಿಗಳಿಂದ. ಅದರ ಎದುರಿಗೇ, ಆರ್ 1ರಲ್ಲಿ, ಬಾಸರ್ಮಾನ್ ಮನೆತನದ ದೊಡ್ಡ ಮನೆ ಇತ್ತು ಅಂತ ಆಮೇಲೆ ತಿಳಿಯಿತು. ವ್ಯಾಪಾರಸ್ಥರ ಕುಟುಂಬ. ಫ್ರೀಡ್ರಿಶ್ ಡಾನಿಯೆಲ್ ಬಾಸರ್ಮಾನ್ ಹುಟ್ಟಿದ್ದು 1811ರಲ್ಲಿ. 1841ಕ್ಕೆ ಬಾಡೆನ್ ಸಂಸ್ಥಾನದ ಶಾಸನಸಭೆಗೆ ಆರಿಸಿಬಂದ. 1843ರಲ್ಲಿ ಕಾರ್ಲ್ ಮಾಟಿ ಎಂಬ ಗೆಳೆಯನ ಜೊತೆ ಇದೇ ಊರಿನಲ್ಲಿ ಪುಸ್ತಕ ಪ್ರಕಾಶನ ಶುರುಮಾಡಿದ.

ಅದು ಸೆನ್ಸಾರ್ ಕಾಲ. 1819ರ ಕಾರ್ಲ್ಸ್‌ಬಾಡ್ ಕಟ್ಟಳೆಗಳ ಪ್ರಕಾರ ಇಪ್ಪತ್ತು ಅಚ್ಚಿನ ಹಾಳೆಗಿಂತ, ಅಂದರೆ ಸುಮಾರು 320 ಪುಟಕ್ಕಿಂತ, ಹೆಚ್ಚಿದ್ದರೆ ಮೊದಲೇ ಅಧಿಕಾರಿಗೆ ತೋರಿಸಬೇಕಿರಲಿಲ್ಲ. ಪತ್ರಿಕೆ, ಕರಪತ್ರ, ಸಣ್ಣ ಪುಸ್ತಕಕ್ಕೆ ಮಾತ್ರ ಕತ್ತರಿ. ದಪ್ಪ ಪುಸ್ತಕ ಓದುವವರು ಬೀದಿಗಿಳಿಯುವುದಿಲ್ಲ ಅನ್ನುವ ಲೆಕ್ಕ. ಆ ಲೆಕ್ಕ ಪೂರ್ತಿ ತಪ್ಪೇನಲ್ಲ ಅಂತ ನನ್ನ ಓರಗೆಯವರನ್ನು ನೋಡಿದಾಗ ಅನಿಸುತ್ತದೆ.

ಇಲ್ಲಿ ನಮ್ಮ ಕಡೆಗೆ ಬಂದ ಜರ್ಮನ್ ಪಾದ್ರಿಯೊಬ್ಬನ ನೆನಪಾಗುತ್ತದೆ. ಹರ್ಮನ್ ಮೊಗ್ಲಿಂಗ್ ಹುಟ್ಟಿದ್ದೂ 1811ರಲ್ಲೇ, ಇಲ್ಲಿಂದ ಹೆಚ್ಚು ದೂರವಿಲ್ಲದ ಬ್ರಾಕೆನ್‌ಹೈಮ್‌ನಲ್ಲಿ. ಬಾಸರ್ಮಾನ್ ಪ್ರಕಾಶನ ತೆರೆದ ವರ್ಷವೇ, ಜುಲೈ 1ಕ್ಕೆ, ಅವನು ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದ. ಬೆಲೆ ಒಂದು ದುಡ್ಡು. ಬಾಸರ್ಮಾನ್ ಕೈಹಾಕಿದ 'ಡಾಯ್ಚೆ ಸೈಟುಂಗ್' ದಿನಪತ್ರಿಕೆ ಹೈಡೆಲ್‌ಬರ್ಗ್‌ನಲ್ಲಿ ಹೊರಬಂದದ್ದು ಅದಾದ ನಾಲ್ಕು ವರ್ಷಕ್ಕೆ, 1847ರ ಜುಲೈ 1ಕ್ಕೆ. ಇಬ್ಬರಿಗೂ ಪರಿಚಯವಿತ್ತು ಅಂತ ನಾನು ಹೇಳುತ್ತಿಲ್ಲ. ಆದರೂ ಪ್ರತಿ ವರ್ಷ ಜುಲೈ 1ರ ಪತ್ರಿಕಾ ದಿನಾಚರಣೆಯ ಫೋಟೋಗಳು ಊರಿಂದ ವಾಟ್ಸಾಪ್‌ಗೆ ಬಂದಾಗ ನನಗೆ ಇಬ್ಬರೂ ಒಟ್ಟಿಗೇ ನೆನಪಾಗುತ್ತಾರೆ.

ಆಗ ಜರ್ಮನಿ ಒಂದೇ ದೇಶವಾಗಿರಲಿಲ್ಲ, ಹಲವು ಸಂಸ್ಥಾನಗಳಾಗಿತ್ತು. 1848ರ ಫೆಬ್ರವರಿ 12ರಂದು ಬಾಸರ್ಮಾನ್ ಬಾಡೆನ್ ಸಭೆಯಲ್ಲಿ ಎದ್ದು ನಿಂತು, ಇಡೀ ಜರ್ಮನಿಗೆ ಜನಪ್ರತಿನಿಧಿಗಳ ಒಂದು ಸಭೆ ಬೇಕು ಅಂದ. ಸೀನ್ ದಂಡೆಯಲ್ಲೂ ಡ್ಯಾನ್ಯೂಬ್ ದಂಡೆಯಲ್ಲೂ, ಅಂದರೆ ಪ್ಯಾರಿಸ್‌ನಲ್ಲೂ ವಿಯೆನ್ನಾದಲ್ಲೂ, ಹೊತ್ತು ಇಳಿಯುತ್ತಿದೆ ಅಂತಲೂ ಅಂದ. ಹನ್ನೆರಡು ದಿನಕ್ಕೆ ಪ್ಯಾರಿಸ್‌ನಲ್ಲಿ ದೊರೆ ಲೂಯಿ ಫಿಲಿಪ್ ಗದ್ದುಗೆ ಬಿಟ್ಟ. ಮಾರ್ಚ್ 13ಕ್ಕೆ ವಿಯೆನ್ನಾದಲ್ಲಿ ಆಸ್ಟ್ರಿಯಾದ ಚಾನ್ಸಲರ್ ಮೆಟರ್ನಿಕ್ ಅಧಿಕಾರದಿಂದ ಬಿದ್ದ. ಮೇ 18ಕ್ಕೆ ಫ್ರಾಂಕ್‌ಫರ್ಟಿನ ಪೌಲ್ಸ್ ಚರ್ಚಿನಲ್ಲಿ ಆ ಸಭೆ ಸೇರಿಯೂಬಿಟ್ಟಿತು. ಸಂವಿಧಾನ ಸಮಿತಿಗೆ ಇವನೇ ಅಧ್ಯಕ್ಷ.

ಆದರೆ ಇವನಿಗೆ ಬೇಕಿದ್ದದ್ದು ರಾಜನೂ ಇರುವ, ಸಂವಿಧಾನವೂ ಇರುವ ರಾಜ್ಯ. ಇದೇ ಊರಿನ ವಕೀಲ ಹೆಕರ್ ಗಣರಾಜ್ಯವೇ ಬೇಕು ಅಂತ ಏಪ್ರಿಲ್‌ನಲ್ಲಿ ದಂಗೆ ಎದ್ದ. ಅದಕ್ಕೆ ಮೊದಲೇ ಪಾಲುದಾರ ಮಾಟಿ, ಕಾರ್ಲ್ಸ್‌ರೂಹೆ ರೈಲು ನಿಲ್ದಾಣದಲ್ಲಿ ಗಣರಾಜ್ಯವಾದಿ ಫಿಕ್ಲರ್‌ನನ್ನು ತಾನೇ ಹಿಡಿಸಿಕೊಟ್ಟಿದ್ದ. ನಿನ್ನೆಯ ಜೊತೆಗಾರರು ಎರಡು ಪಾಳೆಯವಾದರು.

ಆ ನವೆಂಬರ್‌ನಲ್ಲಿ, ಜರ್ಮನ್ ಸಂಸ್ಥಾನಗಳಲ್ಲಿ ಬಲಾಢ್ಯವಾಗಿದ್ದ ಪ್ರಷ್ಯಾದ ದೊರೆಯ ಜೊತೆ ಮಾತುಕತೆಗೆ ಬಾಸರ್ಮಾನ್ ಬರ್ಲಿನ್‌ಗೆ ಹೋದ. ವಾಪಸು ಬಂದು 18ನೇ ತಾರೀಖು ಫ್ರಾಂಕ್‌ಫರ್ಟ್ ಸಭೆಗೆ ವರದಿ ಒಪ್ಪಿಸುವಾಗ, ರಾತ್ರಿ ಬೀದಿ ಸುತ್ತಿದಾಗ ಕಂಡ ಜನ ತನ್ನನ್ನು ಬೆಚ್ಚಿಬೀಳಿಸಿದರು, ವರ್ಣಿಸಲೂ ಮನಸ್ಸಾಗದ ಆಕೃತಿಗಳು ಅವು ಅಂದ. ಎದುರಾಳಿಗಳಿಗೆ ಅಷ್ಟೇ ಸಾಕಾಯಿತು. ಆ ಆಕೃತಿಗಳಿಗೆಲ್ಲ ಬಾಸರ್ಮಾನ್ ಹೆಸರೇ ಅಂಟಿತು. ನನಗೆ ಇವನ ಮೇಲೆ ಸಿಟ್ಟು ಬರುವುದೂ ಇಲ್ಲೇ. ಬೆರ್ಟೋಲ್ಡ್ ಔವರ್‌ಬಾಖ್‌ನ ಕಪ್ಪುಕಾಡಿನ ಹಳ್ಳಿಗರ ಕಥೆಗಳನ್ನು ಅಚ್ಚುಹಾಕಿ ಮಾರಿದ ಪ್ರಕಾಶಕ ಇವನು. ಬಡವರು ಪುಸ್ತಕದೊಳಗಿದ್ದಾಗ ಹಿತವಾಗಿದ್ದರು, ದೀಪದ ಕಂಬದ ಕೆಳಗೆ ಸಿಕ್ಕಾಗ ಭಯವಾಯಿತು.

ಮರುವರ್ಷ ಏಪ್ರಿಲ್‌ನಲ್ಲಿ ಪ್ರಷ್ಯಾದ ದೊರೆ ಫ್ರಾಂಕ್‌ಫರ್ಟ್ ಸಭೆ ನೀಡಿದ ಇಡೀ ಜರ್ಮನಿಯ ಕಿರೀಟ ಬೇಡವೆಂದ. ಸಭೆ ಚೂರಾಯಿತು. ಬಾಸರ್ಮಾನ್ 1855ರ ಜುಲೈ 29ರಂದು ಮಾನ್‌ಹೈಮ್‌ನಲ್ಲಿ ತನ್ನ ಜೀವ ತಾನೇ ತೆಗೆದುಕೊಂಡ. 44 ವಯಸ್ಸು.

ಮಗ ಓಟೋ ಪ್ರಕಾಶನದ ಕಸುಬಿನಲ್ಲೇ ಮುಂದುವರಿದು ವಿಲ್‌ಹೆಲ್ಮ್ ಬುಶ್‌ನ ಚಿತ್ರಕಥೆಗಳನ್ನು ಅಚ್ಚುಹಾಕಿದ. ಅಜ್ಜಿಯ ಕಪಾಟಿನಲ್ಲಿ ಬುಶ್‌ನ ಒಂದು ಹಳೇ ಸಂಪುಟ ಇದೆ, ಚಿಕ್ಕಂದಿನಲ್ಲಿ ಅವರಪ್ಪ ಓದಿ ಹೇಳುತ್ತಿದ್ದದ್ದು. ಹೋದ ವಾರ ಅದರ ಮೊದಲ ಪುಟ ತೆರೆದು ಕೆಳಗಡೆ ಬೆರಳಿಟ್ಟು ತೋರಿಸಿದೆ. ಕನ್ನಡಕ ಹುಡುಕಿ ಹಾಕಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಓದಿ, "ಇಷ್ಟು ವರ್ಷ ಮನೆಯಲ್ಲೇ ಇದ್ದನಲ್ಲ!" ಅಂದರು.