ಮುತ್ತಜ್ಜನ ಹಾಕಿ ಸ್ಟಿಕ್

ಮೊನ್ನೆ ವಿರಾಜಪೇಟೆ ಮನೆ ಅಟ್ಟ ಕ್ಲೀನ್ ಮಾಡ್ತಿದ್ದಾಗ ಮುತ್ತಜ್ಜನ ಹಾಕಿ ಸ್ಟಿಕ್ ಸಿಕ್ತು, ಹಿಡಿಗೆ ಸುತ್ತಿದ್ದ ಬಟ್ಟೆ ಎಣ್ಣೆ ಕುಡಿದು ಕಪ್ಪಗೆ ಗಟ್ಟಿಯಾಗಿಬಿಟ್ಟಿದೆ. ಸ್ಟಿಕ್ ಇಡ್ತಿದ್ದದ್ದೇ ಅಂಗಡಿಯ ಮೆಣಸಿನ ಚೀಲಗಳ ಹಿಂದೆ ಅಂತೆ.

ಕರಿಮೆಣಸು, ಏಲಕ್ಕಿ, ಕಿತ್ತಳೆ ಅವರ ವ್ಯಾಪಾರ. ಕಾಫಿ ಮುಟ್ಟಲಿಲ್ಲ, ಆಗೆಲ್ಲ ಬೆಳೆದ ಕಾಫಿನ ಸರ್ಕಾರದ ಕಾಫಿ ಬೋರ್ಡ್‌ಗೇ ಹಾಕಬೇಕಿತ್ತಲ್ವಾ. ಮೆಣಸು ಅಂಗೈಗೆ ಸುರ್ಕೊಂಡು ಒಂದು ಕಾಳು ಹಲ್ಲಲ್ಲಿ ಕಚ್ಚೋರು, ಟಕ್ ಅಂದ್ರೆ ಒಣಗಿದೆ, ಮೆತ್ತಗಿದ್ರೆ ಇನ್ನೆರಡು ದಿನ ಬಿಸಿಲಿಗೆ ಹಾಕಿ ತನ್ನಿ ಅಂತ ವಾಪಸ್ ಕಳಿಸೋರು, ಆದ್ರೆ ದರ ಮುರೀತಿರಲಿಲ್ಲ. ಅಜ್ಜಿ ಇದನ್ನ ಹೇಳೋವಾಗ ತಾನೇ ಕಾಳು ಕಚ್ಚಿದ ಹಾಗೆ ಮುಖ ಮಾಡ್ತಿದ್ರು.

ಸಂಜೆ ಅಂಗಡಿ ಬಾಗಿಲು ಹಾಕಿದ್ರೆ ಸೀದಾ ಮೈದಾನ, ಹಿಂದೆ ನಿಂತು ಗೋಲು ತಡೆಯೋ ಫುಲ್‌ಬ್ಯಾಕ್ ಆಟ. 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುವಾಗೋ ಹೊತ್ತಿಗೆ ಅವರಿರಲಿಲ್ಲ, ಇದ್ದಿದ್ರೆ ದಿನಾ ಹೋಗಿ ಕೂರೋರು.

ಭಾನುವಾರ ಮಾತ್ರ ಸಂತ ಅನ್ನಮ್ಮ ಚರ್ಚ್. ಟಿಪ್ಪು ಕಾಲದಲ್ಲಿ ಇಲ್ಲಿಗೆ ಬಂದ ಕ್ರೈಸ್ತರಿಗೆ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ಜಾಗ ಕೊಟ್ಟು 1792ರಲ್ಲಿ ಶುರುವಾದ ಚರ್ಚ್ ಅದು. ಮುತ್ತಜ್ಜ ಕಾಣಿಕೆ ಲೆಕ್ಕ ಬರೀತಿದ್ರು, ಅದಕ್ಕಿಂತ ನಂಗೆ ದೊಡ್ಡದು ಅನ್ಸೋದು ಏನಂದ್ರೆ, ಯಾರ ಮನೇಲಿ ಸಾವಾದ್ರೂ, ಎಂಥಾ ಮಳೆ ಇರ್ಲಿ, ವ್ಯಾಪಾರ ಅರ್ಧಕ್ಕೆ ಬಿಟ್ಟು ಹೆಣದ ಪೆಟ್ಟಿಗೆಗೆ ಹೆಗಲು ಕೊಡೋಕೆ ಓಡ್ತಿದ್ರಂತೆ.

ಸ್ಟಿಕ್‌ಗೆ ಎಣ್ಣೆ ಹಚ್ಚಿ ಹಾಲ್‌ನಲ್ಲಿ ಶಿಲುಬೆ ಕೆಳಗೆ ನಿಲ್ಸಿದ್ದೀನಿ.